ಉಪಗೂಹನವೆಂದರೆ ಮುಚ್ಚಿಡುವುದಷ್ಟೆಯೇ? ಮದ್ಯಕ್ಕೆ ಸೋತ ಸಾಧರ್ಮಿಯ ವಿಷಯದಲ್ಲಿ ಶ್ರಾವಕಧರ್ಮ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಪೂರ್ವಾಚಾರ್ಯರು ಹೇಳಿದ್ದಾರೆ. ಅವುಗಳಲ್ಲಿ ಐದನೆಯದು ಉಪಗೂಹನ, ಆರನೆಯದು ಸ್ಥಿತೀಕರಣ. ಧರ್ಮಮಾರ್ಗದಲ್ಲಿ ನಡೆಯುವವನಲ್ಲಿ ಅಜ್ಞಾನದಿಂದಲೋ ಅಶಕ್ತಿಯಿಂದಲೋ ತಲೆದೋರಿದ ದೋಷವನ್ನು ಬೀದಿಗೆಳೆಯದೆ, ಮಾರ್ಗಕ್ಕೆ ನಿಂದೆ ತಗಲದಂತೆ ನೋಡಿಕೊಳ್ಳುವುದು ಉಪಗೂಹನ. ಮಾರ್ಗದಿಂದ ಜಾರುತ್ತಿರುವವನ ಕೈಹಿಡಿದು ಮತ್ತೆ ಅಲ್ಲಿಯೇ ನೆಲೆಗೊಳಿಸುವುದು ಸ್ಥಿತೀಕರಣ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎರಡನ್ನೂ ಒಂದರ ಬೆನ್ನಿಗೊಂದರಂತೆ ಇರಿಸಿರುವುದು ಗಮನಾರ್ಹ. ಅಂಗವೊಂದು ಕಡಿಮೆಯಾದ ದರ್ಶನವು ಸಂಸಾರವನ್ನು ದಾಟಿಸಲಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಹೀಗಿರುವಾಗ, ಐದನೆಯ ಅಂಗವನ್ನು ಹಿಡಿದು ಆರನೆಯದನ್ನು ಕೈಬಿಡುವ ಕುಟುಂಬವು ಧರ್ಮವನ್ನು ಪಾಲಿಸಿದಂತಾಯಿತೆ? ಮನೆಯ ಸದಸ್ಯನೊಬ್ಬನು ಮದ್ಯಕ್ಕೆ ದಾಸನಾದಾಗ ಈ ಪ್ರಶ್ನೆ ತೀವ್ರವಾಗಿ ಎದುರಾಗುತ್ತದೆ.

ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲೊಂದು. ಬೇರಿಲ್ಲದೆ ಮರವಿಲ್ಲದಂತೆ, ಮೂಲಗುಣವಿಲ್ಲದೆ ಶ್ರಾವಕನಿಲ್ಲ. ಸಪ್ತವ್ಯಸನಗಳ ಎಣಿಕೆಯಲ್ಲಿಯೂ ಮದ್ಯಕ್ಕೆ ಸ್ಥಾನವಿದೆ. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಧರ್ಮವನ್ನು ಮರೆತವನು ಶಂಕೆಯಿಲ್ಲದೆ ಹಿಂಸೆಗಿಳಿಯುತ್ತಾನೆ ಎಂಬುದು ಅಮೃತಚಂದ್ರಾಚಾರ್ಯರ ವಿಚಾರಸರಣಿ. ಇಷ್ಟು ಕಟ್ಟುನಿಟ್ಟಾದ ನಿಷೇಧವಿರುವ ಸಮಾಜದಲ್ಲಿ ಕುಡಿತವು ಕಾಣಿಸಿಕೊಂಡಾಗ ಅದನ್ನು ಒಪ್ಪಿಕೊಳ್ಳುವುದು ಇತರರಿಗಿಂತ ಹೆಚ್ಚು ಕಷ್ಟ. 'ಜೈನರ ಮನೆಯಲ್ಲಿ ಇಂಥದ್ದು ಇರುವುದುಂಟೆ?' ಎಂಬ ಹೆಮ್ಮೆಯ ಮಾತೇ ಬಾಯಿಗೆ ಬೀಗ ಹಾಕುತ್ತದೆ. ವ್ರತವು ದೃಢವಾಗಿದ್ದಷ್ಟೂ ಅದು ಮುರಿದಾಗಿನ ನಾಚಿಕೆ ಆಳವಾಗುತ್ತದೆ. ನಾಚಿಕೆ ಆಳವಾದಷ್ಟೂ ನೆರವು ದೂರವಾಗುತ್ತದೆ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, 5.7 ಕೋಟಿಗೂ ಮಿಕ್ಕಿದವರಿಗೆ ಅದರಿಂದ ಬಿಡಿಸಿಕೊಳ್ಳಲು ನೆರವು ಬೇಕಾಗಿದೆ. ಇಂಥ ಪ್ರವಾಹವು ಯಾವುದೇ ಸಮಾಜದ ಹೊಸ್ತಿಲನ್ನು ಕೇಳಿ ಒಳಬರುವುದಿಲ್ಲ.

ಒಂದು ವ್ಯಾಪಾರಸ್ಥ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಹಿರಿಯ ಮಗನು ಕುಡಿಯುತ್ತಾನೆ. ಬೆಳಿಗ್ಗೆ ಅಂಗಡಿಗೆ ಬಾರದಿದ್ದಾಗ 'ಜ್ವರ' ಎಂದು ತಾಯಿ ಹೇಳಿಕಳುಹಿಸುತ್ತಾಳೆ. ಅವನು ಮಾಡಿದ ಕೈಸಾಲವನ್ನು ತಮ್ಮನು ಸದ್ದಿಲ್ಲದೆ ತೀರಿಸುತ್ತಾನೆ. ಗಲ್ಲಾಪೆಟ್ಟಿಗೆಯ ಹಣ ಕಡಿಮೆಯಾದದ್ದು ಗುಮಾಸ್ತನಿಗೆ ಗೊತ್ತಿದ್ದರೂ ಗೊತ್ತಿಲ್ಲದಂತಿರುತ್ತಾನೆ. ಮಗಳ ಸಂಬಂಧ ಕುದುರುವವರೆಗೆ ಯಾರಿಗೂ ತಿಳಿಯಕೂಡದೆಂದು ಹೆಂಡತಿ ಅತ್ತು ಮುಖ ತೊಳೆದುಕೊಳ್ಳುತ್ತಾಳೆ. ಪರ್ಯೂಷಣದ ಹತ್ತು ದಿನ ಅವನು ಕುಡಿಯದಿದ್ದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಹನ್ನೊಂದನೆಯ ದಿನ ಮತ್ತೆ ಮೊದಲಿನಂತೆ. ಈ ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ನಡೆದುಕೊಂಡಿದ್ದಾರೆ. ಆದರೆ ಲೆಕ್ಕ ಬಲ್ಲವರು ಇದನ್ನು ಏನೆನ್ನುವರು? ನಷ್ಟವನ್ನು ಖಾತೆಯಲ್ಲಿ ತೋರಿಸದ ಮಾತ್ರಕ್ಕೆ ನಷ್ಟವಾಗದೆ ಇರುವುದಿಲ್ಲ. ತೋರಿಸದ ನಷ್ಟವು ಬಂಡವಾಳವನ್ನೇ ತಿನ್ನುತ್ತದೆ.

ಉಪಗೂಹನಕ್ಕೆ ಶಾಸ್ತ್ರವು ಕೊಡುವ ದೃಷ್ಟಾಂತವೂ ಒಬ್ಬ ವಣಿಕನದೇ. ಜಿನೇಂದ್ರಭಕ್ತನೆಂಬ ಶ್ರೇಷ್ಠಿಯ ಮನೆಯ ಚೈತ್ಯಾಲಯದಲ್ಲಿದ್ದ ಅಮೂಲ್ಯ ರತ್ನವನ್ನು ಕ್ಷುಲ್ಲಕನ ವೇಷ ಧರಿಸಿ ಬಂದ ಕಳ್ಳನೊಬ್ಬ ಕದ್ದೋಡಿದನು. ಕಾವಲುಗಾರರು ಬೆನ್ನಟ್ಟಿದಾಗ ಶ್ರೇಷ್ಠಿಯು, ತಾನು ಹೇಳಿದ್ದರಿಂದಲೇ ಆತನು ರತ್ನವನ್ನು ತಂದನೆಂದು ಹೇಳಿ, ಧರ್ಮವೇಷಕ್ಕೆ ಬರಬಹುದಾಗಿದ್ದ ಅಪವಾದವನ್ನು ತಪ್ಪಿಸಿದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವ ರೂಢಿ ಅನೇಕರಲ್ಲಿದೆ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಜನ ಚದುರಿದ ಮೇಲೆ ಶ್ರೇಷ್ಠಿಯು ಆ ಕಳ್ಳನಿಗೆ ಏಕಾಂತದಲ್ಲಿ ಕಟುವಾಗಿಯೇ ಬುದ್ಧಿ ಹೇಳಿದನು. ರತ್ನವನ್ನು ಮಾತ್ರ ಅವನ ಕೈಯಲ್ಲಿ ಬಿಡಲಿಲ್ಲ. ಬಹಿರಂಗದಲ್ಲಿ ಮಾನರಕ್ಷಣೆ, ಅಂತರಂಗದಲ್ಲಿ ನಿಷ್ಠುರ ಸತ್ಯ, ಇವೆರಡೂ ಕೂಡಿದ್ದು ಉಪಗೂಹನ. ಮೊದಲನೆಯದನ್ನಷ್ಟೇ ಇಟ್ಟುಕೊಂಡರೆ ಅದು ಬರಿಯ ಮರೆಮಾಚುವಿಕೆ. ಕಳ್ಳನ ಕೈಗೇ ರತ್ನವನ್ನು ಒಪ್ಪಿಸಿದಂತೆ.

ಸ್ಥಿತೀಕರಣದ ದೃಷ್ಟಾಂತ ವಾರಿಷೇಣ ಮುನಿಯದು. ಶ್ರೇಣಿಕ ಮಹಾರಾಜನ ಮಗನಾದ ಈತನ ಜೊತೆಯಲ್ಲಿ ದೀಕ್ಷೆ ಪಡೆದ ಗೆಳೆಯನ ಮನಸ್ಸು ವರ್ಷಗಳು ಕಳೆದರೂ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತಿತ್ತು. ವಾರಿಷೇಣನು ಅವನನ್ನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತನ್ನ ಅರಮನೆಗೆ ಕರೆದೊಯ್ದು, ತಾನು ತೊರೆದ ರಾಣಿಯರನ್ನೂ ಸಂಪತ್ತನ್ನೂ ತೋರಿಸಿದನು. ಗೆಳೆಯನು ನಾಚಿ, ಮಾರ್ಗದಲ್ಲಿ ಸ್ಥಿರನಾದನು. ಇಲ್ಲಿರುವ ಮರ್ಮವೆಂದರೆ, ಜಾರುವವನನ್ನು ಹಿಡಿದು ನಿಲ್ಲಿಸಿದ್ದು ಅದೇ ಆಕರ್ಷಣೆಯನ್ನು ತಾನೂ ಅನುಭವಿಸಿ ಬಿಟ್ಟುಬಂದವನ ಜೀವಂತ ಉದಾಹರಣೆ.

ಈ ಮರ್ಮವನ್ನೇ ಆಧಾರವಾಗಿಟ್ಟುಕೊಂಡ ಒಂದು ವ್ಯವಸ್ಥೆ ಇಂದು ಲೋಕದ ಅನೇಕ ದೇಶಗಳಲ್ಲಿದೆ. ಅದು 'ಆಲ್ಕೊಹಾಲಿಕ್ಸ್ ಅನಾನಿಮಸ್', ಸಂಕ್ಷೇಪವಾಗಿ ಎ.ಎ., ಅಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟ. 1935ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥನು ಓಹಾಯೋ ರಾಜ್ಯದ ಅಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಬಂದು ಸೋತು, ಮತ್ತೆ ಕುಡಿತಕ್ಕೆ ಬೀಳುವ ಅಂಚಿನಲ್ಲಿದ್ದನು. ಅವನು ಹುಡುಕಿದ್ದು ತನ್ನಂತೆಯೇ ಕುಡಿತಕ್ಕೆ ಸಿಲುಕಿದ ಇನ್ನೊಬ್ಬನನ್ನು. ಹಾಗೆ ಸಿಕ್ಕವನು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಇಬ್ಬರೂ ಗಂಟೆಗಟ್ಟಲೆ ಮಾತನಾಡಿಕೊಂಡರು. ಅದೇ ವರ್ಷದ ಜೂನ್ 10ರಂದು ಆ ವೈದ್ಯನು ಕೊನೆಯ ಬಾರಿ ಕುಡಿದನು. ಆ ದಿನವನ್ನೇ ಕೂಟದ ಹುಟ್ಟುದಿನವೆಂದು ಎಣಿಸುತ್ತಾರೆ. ಇನ್ನೊಬ್ಬನಿಗೆ ನೆರವಾಗುವುದರಲ್ಲಿಯೇ ತಾನೂ ಉಳಿದೆನೆಂಬ ಅನುಭವವು ಅದರ ಅಡಿಗಲ್ಲು. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆಂಬ ತತ್ತ್ವಾರ್ಥಸೂತ್ರದ ಉಪದೇಶವನ್ನು ಬಲ್ಲವರಿಗೆ ಇದು ಅಪರಿಚಿತ ಮಾತಲ್ಲ. 1957ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಕೂಟವು ಇಂದು ಬೆಂಗಳೂರು, ಮೈಸೂರು, ಮಂಗಳೂರು ಮೊದಲಾದ ಕಡೆಗಳಲ್ಲಿಯೂ ನಡೆಯುತ್ತಿದೆ.

ಸಭೆಯ ಕ್ರಮ ಸರಳ. ಶಾಲೆಯ, ಚರ್ಚಿನ ಅಥವಾ ಆಸ್ಪತ್ರೆಯ ಒಂದು ಕೋಣೆಯಲ್ಲಿ ವಾರದ ಗೊತ್ತಾದ ದಿನಗಳಲ್ಲಿ ಜನ ಸೇರುತ್ತಾರೆ. ಒಂದು ಅಥವಾ ಒಂದೂವರೆ ಗಂಟೆಯ ಕಾಲ, ತಾವು ಹೇಗಿದ್ದೆವು, ಏನಾಯಿತು, ಈಗ ಹೇಗಿದ್ದೇವೆ ಎಂಬುದನ್ನು ಸರದಿಯಂತೆ ಹೇಳಿಕೊಳ್ಳುತ್ತಾರೆ. ಒಬ್ಬನು ಮಾತನಾಡುವಾಗ ಉಳಿದವರು ಅಡ್ಡಬಾಯಿ ಹಾಕುವುದಿಲ್ಲ. ಸದಸ್ಯನಾಗಲು ಕುಡಿತವನ್ನು ಬಿಡುವ ಇಚ್ಛೆಯೊಂದಿದ್ದರೆ ಸಾಕು. ಶುಲ್ಕವಿಲ್ಲ, ಜಾತಿಮತದ ಪ್ರಶ್ನೆಯಿಲ್ಲ, ಮನೆತನದ ಹೆಸರನ್ನು ಹೇಳಬೇಕಾಗಿಲ್ಲ. ಮೊದಲ ದಿನ ಹೋದವನು ಸುಮ್ಮನೆ ಕುಳಿತು ಕೇಳಿ ಬರಬಹುದು. ಸಭೆಗಳಲ್ಲಿ ಎರಡು ಬಗೆ. ಕುಡಿತದಿಂದ ಬಿಡಿಸಿಕೊಳ್ಳಬಯಸುವವರಿಗೆ ಮಾತ್ರ ಪ್ರವೇಶವಿರುವುದು ಒಂದು. ಮನೆಯವರೂ ವೈದ್ಯರೂ ಆಸಕ್ತರೂ ಬರಬಹುದಾದ ತೆರೆದ ಸಭೆ ಇನ್ನೊಂದು. ವ್ಯಸನಿಗಳ ಹೆಂಡತಿ, ಗಂಡ, ತಂದೆತಾಯಿಗಳಿಗಾಗಿ 1951ರಲ್ಲಿ ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಮತ್ತು ಆಕೆಯ ಗೆಳತಿ ಆರಂಭಿಸಿದ 'ಅಲ್-ಅನಾನ್' ಎಂಬ ಪ್ರತ್ಯೇಕ ಕೂಟವೂ ಇದೆ. ವ್ಯಸನಿಯು ಹೋಗಲೊಲ್ಲದಿದ್ದರೂ ಮನೆಯವರು ಅಲ್ಲಿಗೆ ಹೋಗಬಹುದು.

ಸಭೆ ಎಲ್ಲಿ ನಡೆಯುತ್ತದೆಂದು ತಿಳಿಯುವುದು ಕಷ್ಟವಲ್ಲ. ಮನೋವೈದ್ಯರಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಹತ್ತಿರದ ನೆರವಿನ ಬಗ್ಗೆ ಕೇಳಬಹುದು. ಪರಿಚಿತರು ಕಂಡಾರೆಂಬ ಅಂಜಿಕೆಯುಳ್ಳವನು ನಗರದ ಇನ್ನೊಂದು ಭಾಗದ ಸಭೆಗೆ ಹೋಗಲಿ. ಒಂದು ಸಭೆ ಹಿಡಿಸದಿದ್ದರೆ ಮತ್ತೊಂದನ್ನು ನೋಡಲಿ. ಸಭೆಯು ಸಂಜೆ ನಡೆದು ಚಹಾ ಬಂದರೆ, ರಾತ್ರಿಭೋಜನ ತ್ಯಾಗದ ನಿಯಮವುಳ್ಳವನು ಅದನ್ನು ಬೇಡವೆಂದರೆ ಸಾಕು.

ಆದರೆ ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆ ಅವಶ್ಯಕ. ಬಹುಕಾಲ, ದಿನವೂ, ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಬೆವರು, ನಿದ್ರಾನಾಶವಷ್ಟೇ ಅಲ್ಲದೆ ಅಪಸ್ಮಾರದಂಥ ಸೆಳೆತವೂ, ಎರಡು ಮೂರು ದಿನಗಳಲ್ಲಿ ಬುದ್ಧಿಭ್ರಮಣೆಯೂ ಉಂಟಾಗಬಹುದು. ಅದು ಪ್ರಾಣಾಂತಿಕವೂ ಆದೀತು. ಅಂಥವನನ್ನು ಬಸದಿಗೆ ಕರೆದೊಯ್ದು ಆಜೀವ ವ್ರತ ಕೊಡಿಸಿ, ಶುದ್ಧಿಗೆಂದು ಉಪವಾಸ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕುವುದು ಭಕ್ತಿಯ ಹೆಸರಿನಲ್ಲಿ ಮಾಡುವ ಹಿಂಸೆ. ಮೊದಲು ವೈದ್ಯರ ಕೈಗೆ ಒಪ್ಪಿಸಬೇಕು. ದೇಹವು ಸುಧಾರಿಸಿದ ಮೇಲೆ ಸಭೆ, ಸ್ವಾಧ್ಯಾಯ, ವ್ರತಗಳು ಯಥಾಕ್ರಮವಾಗಿ ಬರಲಿ.

ಇನ್ನು ಧರ್ಮಬದ್ಧ ಕುಟುಂಬಗಳು ಎತ್ತುವ ಆಕ್ಷೇಪಗಳು. ಮೊದಲನೆಯದು, ಎ.ಎ. ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಜೈನನು ಅಲ್ಲಿ ಕುಳಿತರೆ ಮಿಥ್ಯಾತ್ವ ತಗಲದೆ? ಅವರ ಪುಸ್ತಕವು 1939ರಲ್ಲಿ ಪ್ರಕಟವಾಗುವಾಗಲೇ ನಾಸ್ತಿಕ ಸದಸ್ಯರ ಒತ್ತಾಯದಿಂದ, ದೇವರು ಎಂದರೆ ಅವರವರು ತಿಳಿದುಕೊಂಡಂತೆ ಎಂಬ ಅವಕಾಶವನ್ನು ಅದರಲ್ಲಿ ಸೇರಿಸಲಾಗಿದೆ. ಶ್ರಾವಕನಿಗೆ ಅರ್ಹಂತ, ಸಿದ್ಧ, ಸಾಧು ಮತ್ತು ಕೇವಲಿಪ್ರಣೀತ ಧರ್ಮವೆಂಬ ನಾಲ್ಕು ಶರಣುಗಳು ಇದ್ದೇ ಇವೆ. ಅವು ಯಾರಿಗೂ ವರ ಕೊಡುವುದಿಲ್ಲ. ಆತ್ಮವು ತನ್ನ ಪರಿಣಾಮದಿಂದಲೇ ಉದ್ಧಾರವಾಗಬೇಕು. ಉಪಾದಾನವು ಆತ್ಮನ ಪುರುಷಾರ್ಥ, ಸಭೆಯು ನಿಮಿತ್ತ. ನಿಮಿತ್ತವನ್ನು ದೇವರೆನ್ನುವುದು ಬೇಡ, ಹಾಗೆಂದು ಅದನ್ನು ದೂರ ತಳ್ಳುವುದೂ ಬೇಡ.

ಎರಡನೆಯದು, ಮದ್ಯದ ಮುಂದೆ ತಾನು ಅಶಕ್ತನೆಂದು ಒಪ್ಪಿಕೊಳ್ಳುವುದೇ ಅಲ್ಲಿನ ಮೊದಲ ಮೆಟ್ಟಿಲು. ಅನಂತವೀರ್ಯವುಳ್ಳ ಆತ್ಮನು ಹಾಗೆ ಹೇಳಬಹುದೆ? ನಿಶ್ಚಯನಯದಿಂದ ಆತ್ಮನು ಅನಂತವೀರ್ಯನೇ ಸರಿ. ಆದರೆ ಕರ್ಮಾವೃತನಾದ ಜೀವನು ಇಂದು ಯಾವ ಸ್ಥಿತಿಯಲ್ಲಿದ್ದಾನೆಂಬುದನ್ನು ಹೇಳುವುದು ವ್ಯವಹಾರನಯ. ನಿಶ್ಚಯದ ಮಾತನ್ನು ಹಿಡಿದು 'ಮನಸ್ಸು ಮಾಡಿದರೆ ನಾಳೆಯೇ ಬಿಡುವೆ' ಎನ್ನುವುದು ಪ್ರತಿಯೊಬ್ಬ ಕುಡುಕನ ವಾಡಿಕೆ. ರೋಗವನ್ನು ಒಪ್ಪಿಕೊಂಡವನಿಗೇ ಔಷಧ.

ಮೂರನೆಯ ಆಕ್ಷೇಪ ಶಾಸ್ತ್ರಬಲ್ಲವರದು, ಹೆಚ್ಚು ಗಂಭೀರವಾದದ್ದು. ಭಗವತೀ ಆರಾಧನೆಯಲ್ಲಿ ಆಲೋಚನೆಯ, ಅಂದರೆ ಗುರುವಿನ ಮುಂದೆ ಮಾಡುವ ದೋಷನಿವೇದನೆಯ, ಹತ್ತು ದೋಷಗಳನ್ನು ಎಣಿಸಿದೆ. ಅವುಗಳಲ್ಲಿ ಕೊನೆಯದು 'ತತ್ಸೇವಿ': ತನ್ನಂತೆಯೇ ತಪ್ಪು ಮಾಡುವವನ ಬಳಿ ತಪ್ಪೊಪ್ಪಿಕೊಳ್ಳುವುದು. ಕುಡುಕರು ಕುಡುಕರ ಮುಂದೆ ಹೇಳಿಕೊಳ್ಳುವುದು ಇದೇ ದೋಷವಲ್ಲವೆ? ಇಲ್ಲಿ ವಿವೇಚನೆ ಬೇಕು. ತತ್ಸೇವಿಯು ದೋಷವಾದದ್ದು ಕೇಳುವವನೂ ಅದೇ ದೋಷದಲ್ಲಿ ಇನ್ನೂ ಮುಳುಗಿರುವುದರಿಂದ, ಮತ್ತು ಪ್ರಾಯಶ್ಚಿತ್ತ ಹಗುರವಾದೀತೆಂಬ ಕಪಟ ಹೇಳುವವನಲ್ಲಿರುವುದರಿಂದ. ಸಭೆಯಲ್ಲಿ ನೆರವಿನ ಕೈ ಚಾಚುವವನು ಬಿಟ್ಟವನು, ಬಿಟ್ಟು ನಿಂತವನು, ವಾರಿಷೇಣನಂತೆ. ಅವನ ಮುಂದೆ ಸುಳ್ಳು ನಿಲ್ಲುವುದಿಲ್ಲ, ಆ ಸುಳ್ಳುಗಳನ್ನೆಲ್ಲ ಅವನೂ ಒಂದು ಕಾಲಕ್ಕೆ ಹೇಳಿದ್ದವನೇ. ನಿಜವಾಗಿ ನೋಡಿದರೆ, ಉಳಿದ ಒಂಬತ್ತರಲ್ಲಿ ಹಲವು ದೋಷಗಳು ಮನೆಯೊಳಗೇ ನಡೆಯುತ್ತಿರುತ್ತವೆ. ಪರರು ಕಂಡ ತಪ್ಪನ್ನಷ್ಟೇ ಒಪ್ಪಿ ಕಾಣದ್ದನ್ನು ನುಂಗುವುದು 'ದೃಷ್ಟ'. ಸಣ್ಣದನ್ನು ಹೇಳಿ ದೊಡ್ಡದನ್ನು ಬಚ್ಚಿಡುವುದು 'ಸೂಕ್ಷ್ಮ'. ಇವನ್ನು ಕಂಡುಹಿಡಿಯುವ ಕಣ್ಣು ಅಳುವ ತಾಯಿಗೆ ಇರುವುದಿಲ್ಲ, ಅದೇ ದಾರಿಯಲ್ಲಿ ನಡೆದು ಬಂದವನಿಗೆ ಇರುತ್ತದೆ. ಆದರೆ ಸಭೆಯು ಗುರುವಿನ ಸ್ಥಾನವನ್ನು ತುಂಬುವುದಿಲ್ಲ. ವ್ರತಭಂಗಕ್ಕೆ ಪ್ರಾಯಶ್ಚಿತ್ತವನ್ನು ಮುನಿಗಳಲ್ಲಿಯೋ ಭಟ್ಟಾರಕರಲ್ಲಿಯೋ ಬೇಡಬೇಕು.

ಸಾಮ್ಯಗಳು ಇನ್ನೂ ಇವೆ. ತನ್ನ ದೋಷಗಳ ನಿರ್ಭೀತ ಪಟ್ಟಿ ಮಾಡುವುದು ಎ.ಎ.ಯ ನಾಲ್ಕನೆಯ ಮೆಟ್ಟಿಲು. ಅವರ ಪುಸ್ತಕವು ಅದನ್ನು ಅಂಗಡಿಯ ದಾಸ್ತಾನು ಪಟ್ಟಿಗೆ ಹೋಲಿಸುತ್ತದೆ. ದಿನದಿನವೂ ಆ ಲೆಕ್ಕವನ್ನು ನೋಡುತ್ತಿರುವುದು ಹತ್ತನೆಯದು. ಶ್ರಾವಕನು ಅದನ್ನು ಪ್ರತಿಕ್ರಮಣವೆಂದು ಗುರುತಿಸಬಲ್ಲನು. ನೋಯಿಸಿದವರನ್ನು ಕಂಡು ಸರಿಪಡಿಸಿಕೊಳ್ಳುವುದು ಒಂಬತ್ತನೆಯದು. ಅದರಿಂದ ಅವರಿಗೋ ಇತರರಿಗೋ ಹಾನಿಯಾಗುವಂತಿದ್ದರೆ ಹಾಗೆ ಮಾಡಕೂಡದೆಂಬ ಎಚ್ಚರವೂ ಅಲ್ಲಿಯೇ ಇದೆ. ಕ್ಷಮಾವಣಿಯಂದು ಎಲ್ಲರಿಗೂ ಒಂದೇ ಮಾತನ್ನು ಒಪ್ಪಿಸಿ ಹೋಗುವ ರೂಢಿಗಿಂತ ಇದು ಎಷ್ಟೋ ಕಠಿಣ. ಬಾಳೆಲ್ಲ ಕುಡಿಯೆನೆಂದು ಮೊದಲ ದಿನವೇ ಆಣೆಯಿಡಲು ಅವರು ಹೇಳುವುದಿಲ್ಲ. ಇಂದಿನ ಒಂದು ದಿನ ಕುಡಿಯದಿರು ಎನ್ನುತ್ತಾರೆ. ಕಾಲಮಿತಿಯುಳ್ಳ ತ್ಯಾಗವು ನಿಯಮ, ಜೀವಾವಧಿಯದು ಯಮ ಎಂದು ಸಮಂತಭದ್ರರು ಮಾಡಿದ ವಿಂಗಡಣೆಯು ಇಲ್ಲಿ ನೆನಪಾಗುತ್ತದೆ. ಯಮವನ್ನು ಹೊರಲಾರದವನಿಗೆ ನಿಯಮವನ್ನು ಕೊಡುವುದು ಧರ್ಮವನ್ನು ಸಡಿಲಿಸಿದಂತಲ್ಲ.

ಕನ್ನಡ ನಾಡಿನಲ್ಲಿ ಈ ಕಾರ್ಯಕ್ಕೆ ಜೈನರೇ ದಾರಿ ತೋರಿದ ಉದಾಹರಣೆಯೂ ಉಂಟು. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರವು ಕೆಲವೇ ದಿನಗಳದ್ದು. ಅದು ಮುಗಿದ ಮೇಲೆ ಶಿಬಿರಾರ್ಥಿಗಳು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರಿ ಒಬ್ಬರನ್ನೊಬ್ಬರು ಎಚ್ಚರದಲ್ಲಿಡುತ್ತಾರೆ. ಬಿಡಿಸುವುದಕ್ಕಿಂತ ಬಿಟ್ಟ ಸ್ಥಿತಿಯಲ್ಲಿ ನಿಲ್ಲಿಸುವುದು ದೊಡ್ಡದೆಂಬ ಅರಿವು ಇಲ್ಲಿಯೂ ಇದೆ. ಸ್ಥಿತೀಕರಣವೆಂಬ ಪದದ ಅರ್ಥವೇ ಅದು.

ಬಸದಿಗಳ ಟ್ರಸ್ಟುಗಳು ಏನು ಮಾಡಬಹುದು? ಬಸದಿಯ ಪ್ರಾಕಾರದ ಶುಚಿತ್ವಕ್ಕೆ ಭಂಗವಾಗದಂತೆ, ಕಲ್ಯಾಣಮಂಟಪದ ಅಥವಾ ಪಾಠಶಾಲೆಯ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಸಭೆಗೆ ಕೊಡಬಹುದು. ಆದರೆ ದಾನಿಗಳಿಗೆ ಒಂದು ಮಾತು ವಿಚಿತ್ರವೆನಿಸೀತು: ಎ.ಎ. ಹೊರಗಿನವರ ದೇಣಿಗೆಯನ್ನು ಸ್ವೀಕರಿಸುವುದಿಲ್ಲ. ಸದಸ್ಯರು ತಮ್ಮ ತಮ್ಮಲ್ಲೇ ಹಾಕಿಕೊಂಡ ಹಣದಿಂದ ಬಾಡಿಗೆ ತೀರಿಸುತ್ತಾರೆ. 1938ರಲ್ಲಿ ಆ ಕೂಟದವರು ಕಿರಿಯ ಜಾನ್ ರಾಕ್‌ಫೆಲರ್ ಎಂಬ ಕುಬೇರನಲ್ಲಿ ದೊಡ್ಡ ಮೊತ್ತವನ್ನು ಬಯಸಿದಾಗ, ಹಣವು ಈ ಕಾರ್ಯವನ್ನು ಕೆಡಿಸೀತೆಂದು ಅವನು 5,000 ಡಾಲರುಗಳನ್ನಷ್ಟೇ ಕೊಟ್ಟನು. ಮುಂದೆ ಅವರೇ ಅದನ್ನು ನಿಯಮವಾಗಿಸಿಕೊಂಡರು. ಆದುದರಿಂದ ಟ್ರಸ್ಟು ಅಲ್ಪ ಬಾಡಿಗೆಯನ್ನು ಪಡೆಯಲಿ. ದಾನದ ಶಿಲಾಫಲಕ ಬೇಡ, ಟ್ರಸ್ಟಿನ ಕಾರ್ಯಕ್ರಮವೆಂಬ ಪ್ರಕಟಣೆ ಬೇಡ, ಬಂದವರಾರೆಂದು ಬಾಗಿಲಲ್ಲಿ ನಿಂತು ನೋಡುವುದಂತೂ ಬೇಡವೇ ಬೇಡ. ಹೆಸರಿಲ್ಲದ ದಾನವು ಅಪರಿಗ್ರಹಕ್ಕೆ ಹತ್ತಿರ.

ಈ ಮಾರ್ಗವು ಎಲ್ಲರಿಗೂ ಫಲಿಸುವುದೆಂದು ಹೇಳಲಾಗದು. ಕೆಲವರು ಎರಡು ಬಾರಿ ಹೋಗಿ ನಿಲ್ಲುತ್ತಾರೆ, ಕೆಲವರು ವರ್ಷ ಕಳೆದು ಮತ್ತೆ ಜಾರುತ್ತಾರೆ. ಆದರೂ ಇದು ಬರಿಯ ನಂಬಿಕೆಯ ಮಾತಲ್ಲ. 27 ಅಧ್ಯಯನಗಳನ್ನು, 10,565 ಜನರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯು, ಎ.ಎ.ಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆಯು ಸಂಪೂರ್ಣ ಮದ್ಯತ್ಯಾಗದ ದೃಷ್ಟಿಯಿಂದ ಇತರ ಪ್ರತಿಷ್ಠಿತ ಮನಶ್ಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿಯೆಂದು ಕಂಡುಕೊಂಡಿದೆ. ಜಾರಿದವನನ್ನು ಮತ್ತೆ ಎತ್ತುವ ತಾಳ್ಮೆ ಮನೆಯವರಲ್ಲಿರಬೇಕು. ಅವನ ಕೈಸಾಲ ತೀರಿಸುವುದನ್ನು ನಿಲ್ಲಿಸುವ ನಿಷ್ಠುರತೆಯೂ ಇರಬೇಕು.

ಮೇಲೆ ಕಲ್ಪಿಸಿದ ಮನೆಯವರು ಊರಿಗೆ ಡಂಗುರ ಸಾರಬೇಕೆಂದು ಶಾಸ್ತ್ರ ಹೇಳುವುದಿಲ್ಲ. ಊರಿಗೆ ಜ್ವರವೆಂದು ಹೇಳಿಕಳುಹಿಸುವ ಬದಲು ವೈದ್ಯರಿಗೆ ನಿಜ ಹೇಳಲಿ. ಹೆಂಡತಿಯು ತನ್ನಂಥ ಹೆಂಗಸರ ನಡುವೆ ಒಂದು ಸಂಜೆ ಕುಳಿತು ಬರಲಿ. ತಮ್ಮನು ಅಣ್ಣನನ್ನು ಸಭೆಯ ಬಾಗಿಲವರೆಗೆ ಬಿಟ್ಟು, ಹೊರಗೆ ಕಾದು, ಏನೂ ಕೇಳದೆ ಮನೆಗೆ ಕರೆತರಲಿ. ಹೆಸರು ಹೊರಬೀಳದ ಆ ಕೋಣೆಯಲ್ಲಿ ಮಾನವೂ ಉಳಿಯುತ್ತದೆ, ಸತ್ಯವೂ ನುಡಿಯಲ್ಪಡುತ್ತದೆ. ಉಪಗೂಹನವೂ ಸ್ಥಿತೀಕರಣವೂ ಅಲ್ಲಿ ಜೊತೆಯಾಗಿರುತ್ತವೆ. ಇವೆರಡರ ಮುಂದಿನ ಅಂಗ ವಾತ್ಸಲ್ಯ, ಅದರ ಮುಂದಿನದು ಪ್ರಭಾವನಾ. ಕಳಶ, ರಥ, ಪಂಚಕಲ್ಯಾಣಗಳಿಂದ ಧರ್ಮದ ಪ್ರಭಾವನೆಯಾಗುವುದು ನಿಜ. ಮುಳುಗುತ್ತಿದ್ದ ಒಬ್ಬ ಸಾಧರ್ಮಿಯು ದಡ ಸೇರಿ, ಬೆಳಿಗ್ಗೆ ಸ್ವಸ್ಥಚಿತ್ತದಿಂದ ಜಿನದರ್ಶನಕ್ಕೆ ಬಂದು ನಿಂತರೆ ಅದೂ ಪ್ರಭಾವನೆಯೇ.